ಏಣಿಯ ನಡುವಣ ಮೆಟ್ಟಿಲುಗಳು

ಸಂಸ್ಕೃತದಲ್ಲಿ ಸಂಬಳಕ್ಕೆ ‘ಭೃತಿ’ ಎಂಬ ಹೆಸರುಂಟು. ಸಂಬಳಕ್ಕಾಗಿ ದುಡಿಯುವವನು ‘ಭೃತ್ಯ’. ಎರಡೂ ಪದಗಳು ‘ಭೃ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಹೊರುವುದು, ಪೋಷಿಸುವುದು ಎಂಬುದು ಆ ಧಾತುವಿನ ಅರ್ಥ. ಕನ್ನಡದಲ್ಲಿ ನಾವು ‘ವೆಚ್ಚವನ್ನು ಭರಿಸು’ ಎನ್ನುವಾಗಲೂ ಇದೇ ಧಾತುವಿನ ಆಶ್ರಯದಲ್ಲಿರುತ್ತೇವೆ. ಆದುದರಿಂದ ಭೃತ್ಯನೆಂದರೆ ಕೇವಲ ಒಡೆಯನ ಆಜ್ಞೆಯನ್ನು ಪಾಲಿಸುವವನಲ್ಲ, ಒಡೆಯನಿಂದ ಪೋಷಿಸಲ್ಪಡಬೇಕಾದವನು. ದುಡಿಮೆಯ ಭಾರವನ್ನು ಅವನು ಹೊರುತ್ತಾನೆ. ಅವನ ಜೀವನದ ಭಾರವನ್ನು ಒಡೆಯನು ಹೊರಬೇಕು. ಈ ಎರಡು ಭಾರಗಳ ನಡುವಣ ಸಮತೋಲವು ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಇತ್ತೀಚಿನ ವರ್ಷಗಳಲ್ಲಿ ಬ್ರಿಟನ್ ದೇಶದ ಅಂಗಡಿ ವ್ಯಾಪಾರವು ಒಂದು ದೊಡ್ಡ ನಿದರ್ಶನವಾಗಿ ನಿಂತಿದೆ.

ದೂರದ ದೇಶದ ಅಂಗಡಿಗಳ ಮಾತು ನಮಗೇಕೆ ಎಂದು ಓದುಗ ಬಂಧುಗಳು ಕೇಳಬಹುದು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡ ದಿನದಿಂದ ಆ ಊರು ನಮ್ಮ ಮನೆಗಳಿಗೆ ಅಷ್ಟೇನೂ ದೂರವಾಗಿ ಉಳಿದಿಲ್ಲ. ಅದಕ್ಕಿಂತ ಮುಖ್ಯವಾದುದು, ನಮ್ಮ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಓದುತ್ತ, ಓದಿನ ಬಿಡುವಿನಲ್ಲಿ ದೊಡ್ಡ ಅಂಗಡಿಗಳ ಕಪಾಟುಗಳಲ್ಲಿ ಸಾಮಾನು ಜೋಡಿಸುತ್ತ, ಓದು ಮುಗಿದ ಮೇಲೆ ಅಲ್ಲಿಯೇ ಚಿಕ್ಕಪುಟ್ಟ ಮೇಲ್ವಿಚಾರಣೆಯ ಹುದ್ದೆಗಳನ್ನು ಹಿಡಿದಿದ್ದಾರೆ. ಆ ಹುದ್ದೆಗಳೇ ಈಗ ಕಡಿತಕ್ಕೆ ಒಳಗಾಗುತ್ತಿರುವುದರಿಂದ ವಿಷಯವು ನಮ್ಮ ಪಡಸಾಲೆಯವರೆಗೂ ಬಂದಿದೆ.

ನಡೆದುದೇನು?

2024ರ ಅಕ್ಟೋಬರ್ 30ರಂದು ಬ್ರಿಟನ್ನಿನ ಅರ್ಥಸಚಿವೆ ರೇಚಲ್ ರೀವ್ಸ್ ಅವರು ತಮ್ಮ ಮೊದಲ ಆಯವ್ಯಯವನ್ನು ಮಂಡಿಸಿದರು. ಅದರಲ್ಲಿ ಮಾಲೀಕರು ಪ್ರತಿಯೊಬ್ಬ ನೌಕರನ ಸಂಬಳದ ಮೇಲೆ ಸರ್ಕಾರಕ್ಕೆ ಕಟ್ಟಬೇಕಾದ ‘ನ್ಯಾಷನಲ್ ಇನ್ಶೂರೆನ್ಸ್’ ವಂತಿಗೆಯನ್ನು ಶೇಕಡಾ 13.8ರಿಂದ ಶೇಕಡಾ 15ಕ್ಕೆ ಏರಿಸಿದರು. ವರ್ಷಕ್ಕೆ 9,100 ಪೌಂಡ್ ಮೀರಿದ ಸಂಬಳದ ಮೇಲೆ ಮಾತ್ರ ಬೀಳುತ್ತಿದ್ದ ಈ ವಂತಿಗೆಯು ಇನ್ನು ಮುಂದೆ 5,000 ಪೌಂಡ್ ಮೀರಿದೊಡನೆಯೇ ಬೀಳುವಂತಾಯಿತು. ಅದರ ಜೊತೆಗೆ 21 ವರ್ಷ ತುಂಬಿದ ದುಡಿಮೆಗಾರರ ಕನಿಷ್ಠ ಕೂಲಿಯು ಗಂಟೆಗೆ 11.44 ಪೌಂಡ್‌ನಿಂದ 12.21 ಪೌಂಡ್‌ಗೆ ಏರಿತು. ಅಂಗಡಿಗಳ ಕಟ್ಟಡ ತೆರಿಗೆಯಲ್ಲಿ ದೊರೆಯುತ್ತಿದ್ದ ಶೇಕಡಾ 75ರ ರಿಯಾಯಿತಿಯು ಶೇಕಡಾ 40ಕ್ಕೆ ಇಳಿಯಿತು. ಮೂರೂ 2025ರ ಏಪ್ರಿಲ್‌ನಲ್ಲಿ ಒಟ್ಟಿಗೆ ಜಾರಿಗೆ ಬಂದವು. ಕನಿಷ್ಠ ಕೂಲಿಯು 2026ರ ಏಪ್ರಿಲ್‌ನಿಂದ ಮತ್ತೆ ಏರಿ 12.71 ಪೌಂಡ್ ಆಗಿದೆ.

ವ್ಯಾಪಾರಿಗಳು ಸುಮ್ಮನಿರಲಿಲ್ಲ. 2024ರ ನವೆಂಬರ್‌ನಲ್ಲಿ 70ಕ್ಕೂ ಹೆಚ್ಚು ದೊಡ್ಡ ಅಂಗಡಿ ಸಂಸ್ಥೆಗಳು ತಮ್ಮ ಒಕ್ಕೂಟದ ಮೂಲಕ ಅರ್ಥಸಚಿವೆಗೆ ಪತ್ರ ಬರೆದವು. ವಂತಿಗೆಯಿಂದ, ಕೂಲಿಯ ಏರಿಕೆಯಿಂದ ಮತ್ತು ಪೊಟ್ಟಣಗಳ ಮೇಲಿನ ಹೊಸ ಸುಂಕದಿಂದ ಅಂಗಡಿ ವ್ಯಾಪಾರದ ಮೇಲೆ ವರ್ಷಕ್ಕೆ 700 ಕೋಟಿ ಪೌಂಡುಗಳಷ್ಟು ಹೊರೆ ಬೀಳಬಹುದೆಂದೂ, ಉದ್ಯೋಗ ನಷ್ಟವು ಅನಿವಾರ್ಯವೆಂದೂ ಆ ಪತ್ರದಲ್ಲಿ ಎಚ್ಚರಿಸಲಾಗಿತ್ತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಪ್ರಕಟಣೆಗಳು ಸಾಲುಗಟ್ಟಿದವು. 2025ರ ಜನವರಿ 23ರಂದು ಸೇನ್ಸ್‌ಬರೀಸ್ ಸಂಸ್ಥೆಯು 3,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ, ಅಂಗಡಿಗಳೊಳಗಿದ್ದ ತನ್ನ 61 ಉಪಾಹಾರ ಗೃಹಗಳನ್ನು ಮುಚ್ಚುವುದಾಗಿ, ಹಿರಿಯ ವ್ಯವಸ್ಥಾಪಕರ ಹುದ್ದೆಗಳಲ್ಲಿ ಸುಮಾರು ಐದರಲ್ಲೊಂದು ಭಾಗವನ್ನು ತೆಗೆದುಹಾಕುವುದಾಗಿ ತಿಳಿಸಿತು. ಅದೇ ತಿಂಗಳ ಕೊನೆಯಲ್ಲಿ ಟೆಸ್ಕೊ ಸಂಸ್ಥೆಯು 400 ಹುದ್ದೆಗಳ ಕಡಿತವನ್ನು ಸಾರಿತು. ಮಾರ್ಚ್‌ನಲ್ಲಿ ಮಾರಿಸನ್ಸ್ ಸಂಸ್ಥೆಯು 52 ಉಪಾಹಾರ ಗೃಹಗಳನ್ನು ಮುಚ್ಚಲು ತೀರ್ಮಾನಿಸಿದಾಗ 365 ಜನರ ಕೆಲಸ ತೂಗುಯ್ಯಾಲೆಯಲ್ಲಿ ಬಿತ್ತು.

ಲೆಕ್ಕದ ಒಳಗುಟ್ಟು

ಶೇಕಡಾ 13.8ಕ್ಕೂ 15ಕ್ಕೂ ಇರುವ ಅಂತರವು ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. ಇಷ್ಟಕ್ಕೆ ಇಷ್ಟೊಂದು ಗದ್ದಲವೇಕೆಂದು ಅನ್ನಿಸುವುದು ಸಹಜ. ಆದರೆ ಗುಟ್ಟಿರುವುದು ಶೇಕಡಾವಾರಿನಲ್ಲಿ ಅಲ್ಲ, ಹೊಸ್ತಿಲಿನಲ್ಲಿ. ಲೆಕ್ಕ ಬಲ್ಲ ಓದುಗರು ಒಂದು ಕಾಗದವನ್ನು ಮುಂದಿಟ್ಟುಕೊಂಡು ನನ್ನೊಡನೆ ಬರಬೇಕು.

ವಾರಕ್ಕೆ 37 ಗಂಟೆ 30 ನಿಮಿಷ ದುಡಿಯುವ, ಕನಿಷ್ಠ ಕೂಲಿ ಪಡೆಯುವ ಪೂರ್ಣಾವಧಿಯ ನೌಕರನೊಬ್ಬನನ್ನು ತೆಗೆದುಕೊಳ್ಳೋಣ. ಹಳೆಯ ದರದಲ್ಲಿ ಅವನ ವಾರ್ಷಿಕ ಸಂಬಳ 22,308 ಪೌಂಡ್. ಅದರ ಮೇಲೆ ಮಾಲೀಕನು ಕಟ್ಟುತ್ತಿದ್ದ ವಂತಿಗೆ ಸುಮಾರು 1,823 ಪೌಂಡ್. ಹೊಸ ದರದಲ್ಲಿ ಸಂಬಳ ಸುಮಾರು 23,810 ಪೌಂಡ್. ವಂತಿಗೆ 2,821 ಪೌಂಡ್. ಒಟ್ಟಿನಲ್ಲಿ ಒಬ್ಬ ನೌಕರನ ಮೇಲೆ ವರ್ಷಕ್ಕೆ 2,500 ಪೌಂಡ್ ಹೆಚ್ಚು, ಅಂದರೆ ನೂರಕ್ಕೆ ಹತ್ತರಷ್ಟು ಏರಿಕೆ.

ಇನ್ನು ವಾರಕ್ಕೆ 16 ಗಂಟೆ ಮಾತ್ರ ದುಡಿಯುವ ಅರೆಕಾಲಿಕ ನೌಕರಳೊಬ್ಬಳನ್ನು ನೋಡೋಣ. ಹಳೆಯ ದರದಲ್ಲಿ ಅವಳ ಸಂಬಳ 9,518 ಪೌಂಡ್. ಅದು ಹೊಸ್ತಿಲನ್ನು ಅಷ್ಟಿಷ್ಟೇ ದಾಟಿದ್ದರಿಂದ ಮಾಲೀಕನು ಕಟ್ಟುತ್ತಿದ್ದ ವಂತಿಗೆ ವರ್ಷಕ್ಕೆ ಸುಮಾರು 58 ಪೌಂಡ್. ಹೊಸ ದರದಲ್ಲಿ ಸಂಬಳ 10,159 ಪೌಂಡ್. ವಂತಿಗೆ 774 ಪೌಂಡ್! ಐವತ್ತೆಂಟು ಎಲ್ಲಿ, ಏಳುನೂರ ಎಪ್ಪತ್ನಾಲ್ಕು ಎಲ್ಲಿ? ಹದಿಮೂರು ಪಟ್ಟು. ಅರೆಕಾಲಿಕ ದುಡಿಮೆಯು ಅಂಗಡಿ ವ್ಯಾಪಾರದ ಬೆನ್ನೆಲುಬು. ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ತಾಯಂದಿರು, ವಿದ್ಯಾರ್ಥಿಗಳು, ಇಳಿವಯಸ್ಸಿನವರು ಈ ಬಗೆಯ ದುಡಿಮೆಯನ್ನು ಆಶ್ರಯಿಸಿದ್ದಾರೆ. ಆದುದರಿಂದ ಉಳಿದೆಲ್ಲ ಉದ್ಯಮಗಳಿಗಿಂತ ಅಂಗಡಿ ಮತ್ತು ಉಪಾಹಾರ ಗೃಹಗಳಿಗೆ ಈ ಬದಲಾವಣೆಯ ಬಿಸಿ ಹೆಚ್ಚಾಗಿ ತಟ್ಟಿತು. ಇದನ್ನು ಅರಿಯದೆ ವ್ಯಾಪಾರಿಗಳ ದೂರನ್ನು ಬರಿಯ ಲೋಭವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಸರ್ಕಾರದ ಪಕ್ಷವನ್ನೂ ಕೇಳಬೇಕು. ಈ ವಂತಿಗೆಯ ಏರಿಕೆಯಿಂದ ಬೊಕ್ಕಸಕ್ಕೆ ವರ್ಷಕ್ಕೆ ಸುಮಾರು 2,500 ಕೋಟಿ ಪೌಂಡ್ ಬರುವುದೆಂದು ಅಂದಾಜು ಮಾಡಲಾಗಿತ್ತು. ಅದೇ ಆಯವ್ಯಯದಲ್ಲಿ ಸಾರ್ವಜನಿಕ ಆರೋಗ್ಯ ಸೇವೆಯ ದಿನನಿತ್ಯದ ಖರ್ಚಿಗೆ ಎರಡು ವರ್ಷಗಳಲ್ಲಿ 2,260 ಕೋಟಿ ಪೌಂಡ್ ಹೆಚ್ಚಿಗೆ ನೀಡಲಾಯಿತು. ಶಸ್ತ್ರಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಕಾಯುವ ರೋಗಿಗಳಲ್ಲಿ ಅಂಗಡಿಯ ನೌಕರರೂ ಇದ್ದಾರೆ. ಮೇಲಾಗಿ ಚಿಕ್ಕ ಅಂಗಡಿಗಳವರಿಗೆ ವಂತಿಗೆಯಲ್ಲಿ ದೊರೆಯುವ ವಿನಾಯಿತಿಯನ್ನು 5,000 ಪೌಂಡ್‌ನಿಂದ 10,500 ಪೌಂಡ್‌ಗೆ ಏರಿಸಲಾಯಿತು. ಮೂರು ನಾಲ್ಕು ಜನರನ್ನು ಇಟ್ಟುಕೊಂಡು ಬೀದಿಯ ಮೂಲೆಯಲ್ಲಿ ಅಂಗಡಿ ನಡೆಸುವವನಿಗೆ ಇದರಿಂದ ಹೊರೆ ಇಳಿಯಿತೇ ಹೊರತು ಏರಲಿಲ್ಲ. ಏಟು ಬಿದ್ದುದು ದೊಡ್ಡವರಿಗೆ. ಆದರೆ ದೊಡ್ಡವರು ಆ ಏಟನ್ನು ತಮ್ಮ ಬೆನ್ನಿನ ಮೇಲೆಯೇ ಇರಿಸಿಕೊಂಡರೆ?

ಭಾರ ಎಲ್ಲಿಗೆ ಸರಿಯಿತು?

ಹೊರೆಯನ್ನು ಹೊರಿಸುವುದು ಶಾಸನದ ಕೈಯಲ್ಲಿದೆ. ಹೊರೆಯು ಕಡೆಗೆ ಯಾರ ಹೆಗಲಿನಲ್ಲಿ ತಂಗುವುದೆಂಬುದು ಶಾಸನದ ಕೈಯಲ್ಲಿಲ್ಲ. ಬ್ರಿಟನ್ನಿನ ಆಯವ್ಯಯವನ್ನು ಸ್ವತಂತ್ರವಾಗಿ ಪರಿಶೀಲಿಸುವ ಕಚೇರಿಯೇ ಈ ವಂತಿಗೆಯ ಸುಮಾರು ಮುಕ್ಕಾಲು ಪಾಲು ಕಾಲಕ್ರಮದಲ್ಲಿ ನೌಕರರ ನೈಜ ವೇತನದ ಇಳಿಕೆಯ ರೂಪದಲ್ಲಿ ನೌಕರರ ಮೇಲೆಯೇ ಬೀಳುವುದೆಂದು ಅಂದು ಅಂದಾಜಿಸಿತ್ತು. ಮಾಲೀಕನ ಹೆಸರಿನಲ್ಲಿ ಬರೆದ ತೆರಿಗೆಯನ್ನು ಭೃತ್ಯನು ಕಟ್ಟುವ ಪರಿ ಇದು.

ಆದರೆ ಕನಿಷ್ಠ ಕೂಲಿಯವನ ಕೂಲಿಯನ್ನು ಇಳಿಸುವಂತಿಲ್ಲ. ಅಲ್ಲಿ ಕಾನೂನಿನ ಕಾವಲಿದೆ. ಬೆಲೆಯನ್ನು ಏರಿಸಿದರೆ ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಾರೆ. ಲಾಭವನ್ನು ಇಳಿಸಿದರೆ ಷೇರುದಾರರು ಸುಮ್ಮನಿರುವುದಿಲ್ಲ. ಕೆಳಗಣ ಮೆಟ್ಟಿಲಿಗೆ ಶಾಸನದ ರಕ್ಷೆ, ಮೇಲಣ ಮೆಟ್ಟಿಲಿಗೆ ಅಧಿಕಾರದ ರಕ್ಷೆ. ಯಾವ ರಕ್ಷೆಯೂ ಇಲ್ಲದೆ ಉಳಿದವರು ನಡುವಣ ಮೆಟ್ಟಿಲಿನವರು: ವಿಭಾಗದ ವ್ಯವಸ್ಥಾಪಕರು, ಪಾಳಿಯ ಮೇಲ್ವಿಚಾರಕರು, ಕೇಂದ್ರ ಕಚೇರಿಯ ಮಧ್ಯಮ ದರ್ಜೆಯ ಅಧಿಕಾರಿಗಳು. ಕೆಳಗಿನವನ ಕೂಲಿ ಏರಿದಂತೆಲ್ಲ ಅವನಿಗೂ ಮೇಲ್ವಿಚಾರಕನಿಗೂ ನಡುವಣ ಸಂಬಳದ ಅಂತರ ಕುಗ್ಗುತ್ತದೆ. ಆ ಅಂತರವನ್ನು ಉಳಿಸಬೇಕಾದರೆ ಮೇಲ್ವಿಚಾರಕನ ಸಂಬಳವನ್ನೂ ಏರಿಸಬೇಕು. ಅದಕ್ಕಿಂತ ಆ ಹುದ್ದೆಯನ್ನೇ ತೆಗೆದು, ಅದರ ಕೆಲಸವನ್ನು ಉಳಿದವರಿಗೆ ಹಂಚುವುದು ಅಗ್ಗವೆಂದು ಲೆಕ್ಕಿಗರು ಹೇಳುತ್ತಾರೆ.

ಇದು 2024ರ ಆಯವ್ಯಯದಿಂದ ಮೊದಲಾದುದಲ್ಲ ಎಂಬುದನ್ನು ಗಮನಿಸಬೇಕು. 2018ರಲ್ಲಿಯೇ ಟೆಸ್ಕೊ ಸಂಸ್ಥೆಯು ಅಂಗಡಿಗಳ ವ್ಯವಸ್ಥಾಪಕ ವರ್ಗದಲ್ಲಿ 1,700 ಹುದ್ದೆಗಳನ್ನು ತೆಗೆಯುವುದಾಗಿ ಪ್ರಕಟಿಸಿತ್ತು. 2023ರಲ್ಲಿ ಅದೇ ಸಂಸ್ಥೆ ದೊಡ್ಡ ಅಂಗಡಿಗಳ ಸುಮಾರು 1,750 ವ್ಯವಸ್ಥಾಪಕರ ಹುದ್ದೆಗಳನ್ನು ಕಡಿಮೆ ಮಾಡಿ, ಅವುಗಳ ಬದಲು ಕೆಳದರ್ಜೆಯ ಪಾಳಿ ನಾಯಕರ ಹುದ್ದೆಗಳನ್ನು ಸೃಷ್ಟಿಸಿತು. ಸೇನ್ಸ್‌ಬರೀಸ್ ಸಂಸ್ಥೆಯು ಮೂರು ವರ್ಷಗಳಲ್ಲಿ 100 ಕೋಟಿ ಪೌಂಡ್ ವೆಚ್ಚವನ್ನು ಉಳಿಸುವ ಯೋಜನೆಯನ್ನು ಸಾರಿದ್ದು 2024ರ ಫೆಬ್ರವರಿಯಲ್ಲಿ, ಅಂದರೆ ವಂತಿಗೆಯ ಏರಿಕೆ ಪ್ರಕಟವಾಗುವುದಕ್ಕೆ ಎಂಟು ತಿಂಗಳ ಮೊದಲು. ವಂತಿಗೆಯಿಂದ ತನಗೆ 14 ಕೋಟಿ ಪೌಂಡ್ ಹೊರೆಯಾಗುವುದೆಂದು ಆ ಸಂಸ್ಥೆ ಹೇಳಿತ್ತು, ಅದು ಸುಳ್ಳಲ್ಲ. ಹೊಸ ತೆರಿಗೆಯು ಕತ್ತಿಗೆ ಸಾಣೆ ಹಿಡಿಯಿತು. ಕತ್ತಿಯನ್ನು ಒರೆಯಿಂದ ಅದಕ್ಕೂ ಮೊದಲೇ ತೆಗೆದಾಗಿತ್ತು.

ಅದೇ ಸಂಸ್ಥೆಯ ಅಂಗಡಿ ವ್ಯಾಪಾರದ ಲಾಭವು 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 100 ಕೋಟಿ ಪೌಂಡನ್ನು ದಾಟಿತು. ಈ ಅಂಕಿಯನ್ನು ಹಿಡಿದು ಟೀಕಿಸುವವರು ಮತ್ತೊಂದನ್ನೂ ಹೇಳಬೇಕು: ನೂರು ಪೌಂಡ್ ವ್ಯಾಪಾರಕ್ಕೆ ಆ ಲಾಭವು ಮೂರು ಪೌಂಡಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಕಿರಾಣಿ ವ್ಯಾಪಾರದ ಲಾಭವು ಎಲ್ಲ ದೇಶಗಳಲ್ಲಿಯೂ ತೆಳುವಾದುದು. ನಮ್ಮಲ್ಲಿ ಪೇಟೆಯಲ್ಲಿ ಅಂಗಡಿ ಇಟ್ಟು ಅನುಭವ ಪಡೆದ ಮನೆತನಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅದೇ ಸಂಸ್ಥೆ ಆ ಜನವರಿಯಲ್ಲಿಯೇ ಅಂಗಡಿ ನೌಕರರ ಗಂಟೆಯ ಕೂಲಿಯನ್ನು ಎರಡು ಹಂತಗಳಲ್ಲಿ ಶೇಕಡಾ 5ರಷ್ಟು ಏರಿಸಿ 12.60 ಪೌಂಡ್‌ಗೆ ಮುಟ್ಟಿಸುವುದಾಗಿಯೂ ಸಾರಿತ್ತು. ಒಂದು ಕೈ ಕೊಟ್ಟಿತು, ಇನ್ನೊಂದು ಕೈ ತೆಗೆಯಿತು. ಕೊಟ್ಟದ್ದು ಕೆಳಗಣ ಮೆಟ್ಟಿಲಿಗೆ, ತೆಗೆದದ್ದು ನಡುವಣ ಮೆಟ್ಟಿಲಿನಿಂದ.

ನಡುವಣ ಮೆಟ್ಟಿಲುಗಳು ಮುರಿದರೆ ಕೆಳಗಿನವನಿಗೆ ಕೂಲಿ ಏರಿಯೂ ಮೇಲೇರುವ ದಾರಿ ಇಲ್ಲವಾಗುತ್ತದೆ. ಬ್ರಿಟನ್ನಿನಲ್ಲಿ ಸುಮಾರು 30 ಲಕ್ಷ ಜನರಿಗೆ ಕೆಲಸ ನೀಡಿರುವ ಅಂಗಡಿ ವ್ಯಾಪಾರದ ಹೆಗ್ಗಳಿಕೆಯೇ ಇದಾಗಿತ್ತು: ವಿಶ್ವವಿದ್ಯಾಲಯದ ಪದವಿಯಿಲ್ಲದವನೂ ಕಪಾಟು ಜೋಡಿಸುವುದರಿಂದ ಆರಂಭಿಸಿ ಪಾಳಿಯ ಹೊಣೆ, ವಿಭಾಗದ ಹೊಣೆ, ಇಡೀ ಅಂಗಡಿಯ ಹೊಣೆ ಎಂದು ಏರಬಹುದಾಗಿತ್ತು. 1997ರಿಂದ 2011ರವರೆಗೆ ಟೆಸ್ಕೊ ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದ ಟೆರಿ ಲೀಹಿ ಅವರು ವಿದ್ಯಾರ್ಥಿಯಾಗಿದ್ದಾಗ ರಜೆಯ ದಿನಗಳಲ್ಲಿ ಅದೇ ಸಂಸ್ಥೆಯ ಅಂಗಡಿಯಲ್ಲಿ ಕೂಲಿಗೆ ದುಡಿದವರು. ಮೆಟ್ಟಿಲುಗಳಿಲ್ಲದ ಏಣಿಯಲ್ಲಿ ಅಂಥವರು ಏರುವುದು ಹೇಗೆ?

ಹಿರಿಯರ ಆಲೋಚನೆ

ಈ ವಂತಿಗೆಯ ಮೂಲವನ್ನೂ ಅರಿಯುವುದು ಯುಕ್ತ. 1911ರಲ್ಲಿ ಲಾಯ್ಡ್ ಜಾರ್ಜ್ ಅವರು ನ್ಯಾಷನಲ್ ಇನ್ಶೂರೆನ್ಸ್ ಶಾಸನವನ್ನು ತಂದಾಗ ದುಡಿಮೆಗಾರನು ವಾರಕ್ಕೆ 4 ಪೆನ್ಸ್, ಮಾಲೀಕನು 3 ಪೆನ್ಸ್, ಸರ್ಕಾರವು 2 ಪೆನ್ಸ್ ಹಾಕಬೇಕೆಂಬ ಕಟ್ಟಳೆಯಿತ್ತು. ನಾಲ್ಕು ಕೊಟ್ಟವನಿಗೆ ಒಂಬತ್ತರ ಫಲ. ಕಾಯಿಲೆ ಬಿದ್ದಾಗ, ಕೆಲವು ಕಸುಬುಗಳಲ್ಲಿ ಕೆಲಸ ಹೋದಾಗ, ಸಂಸಾರವು ಬೀದಿಗೆ ಬೀಳಬಾರದೆಂಬುದು ಅದರ ಉದ್ದೇಶ. 1942ರ ಬೆವರಿಜ್ ವರದಿಯ ತಳಹದಿಯ ಮೇಲೆ 1946ರಲ್ಲಿ ಅದು ಹೊಸ ಶಾಸನವಾಗಿ, 1948ರ ಜುಲೈ 5ರಿಂದ ದೇಶವ್ಯಾಪಿಯಾಗಿ ಆಚರಣೆಗೆ ಬಂದಿತು. ಮೂವರು ಕೂಡಿ ಹೊತ್ತ ಭಾರವಾದ್ದರಿಂದ ಯಾರಿಗೂ ಅದು ಅಸಹ್ಯವಾಗಲಿಲ್ಲ.

ನಮ್ಮ ನಾಡಿನ ಪ್ರಾಚೀನರೂ ಈ ಪ್ರಶ್ನೆಯನ್ನು ಬಿಟ್ಟವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು ಬೆಳಕಿಗೆ ಬಂದುದು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟರು. ಅದರ ಐದನೆಯ ಅಧಿಕರಣದಲ್ಲಿ ‘ಭೃತ್ಯಭರಣೀಯ’ ಎಂಬ ಅಧ್ಯಾಯವೇ ಉಂಟು. ಭೃತ್ಯರ ವೇತನಗಳನ್ನು ಒಂದೊಂದಾಗಿ ಗೊತ್ತುಮಾಡುವ ಆ ಅಧ್ಯಾಯವು, ಒಟ್ಟು ಆದಾಯದ ಕಾಲುಭಾಗದ ಮಿತಿಯಲ್ಲಿ ಭೃತ್ಯರ ವೆಚ್ಚವನ್ನು ಇರಿಸಿಕೊಳ್ಳಬೇಕೆಂದು ಹೇಳುತ್ತದೆ. ವೆಚ್ಚವು ಮಿತಿಮೀರಿದರೆ ಒಡೆತನವೇ ಉಳಿಯದೆಂಬ ವಿವೇಕ ಅಲ್ಲಿದೆ. ಅದೇ ಅಧ್ಯಾಯದಲ್ಲಿಯೇ, ಕರ್ತವ್ಯದಲ್ಲಿರುವಾಗ ಸತ್ತವನ ಹೆಂಡತಿ ಮಕ್ಕಳಿಗೆ ಅನ್ನವೂ ವೇತನವೂ ಸಲ್ಲಬೇಕೆಂಬ ವಿಧಿಯೂ ಇದೆ. ಎರಡನ್ನೂ ಒಂದೇ ಅಧ್ಯಾಯದಲ್ಲಿ ಇರಿಸಿದ ಆ ಆಚಾರ್ಯನ ದೃಷ್ಟಿ ವಿಚಾರಾರ್ಹವಾದುದು. ಮಿತಿಯನ್ನು ಮಾತ್ರ ಎತ್ತಿ ಹಿಡಿದು ಭರಣವನ್ನು ಮರೆತವನು ಅರ್ಧ ಅಧ್ಯಾಯವನ್ನಷ್ಟೇ ಓದಿದವನು. ಭರಣವನ್ನು ಮಾತ್ರ ಹೇಳಿ ಮಿತಿಯನ್ನು ಮರೆತವನೂ ಹಾಗೆಯೇ.

ಬ್ರಿಟನ್ನಿನಲ್ಲಿ ಬೇರೆ ಬಗೆಯ ಒಂದು ಪ್ರಯೋಗವೂ ನಡೆದಿದೆ. ಜಾನ್ ಸ್ಪೀಡನ್ ಲೂಯಿಸ್ ಎಂಬ ವ್ಯಾಪಾರಿ 1929ರಲ್ಲಿ ತನ್ನ ಅಂಗಡಿಗಳನ್ನು ನೌಕರರ ಹಿತಕ್ಕಾಗಿ ಒಂದು ನ್ಯಾಸಕ್ಕೆ ಒಪ್ಪಿಸಿದನು. ಅಲ್ಲಿ ನೌಕರರನ್ನು ನೌಕರರೆನ್ನುವುದಿಲ್ಲ, ಪಾಲುದಾರರೆನ್ನುತ್ತಾರೆ. ಲಾಭದ ಪಾಲನ್ನು ಕೊಡುವ ವರ್ಷ ಎಲ್ಲರಿಗೂ ಸಂಬಳದ ಒಂದೇ ಪ್ರಮಾಣದಲ್ಲಿ ಅದು ಸಿಗುತ್ತದೆ. ಇದನ್ನು ಆದರ್ಶವೆಂದು ಕೊಂಡಾಡಿ ನಿಲ್ಲಿಸುವುದು ಸುಲಭ. ಆದರೆ ಆ ಸಂಸ್ಥೆಯೂ 2021ರಲ್ಲಿ ಅಂಗಡಿಗಳ ಸುಮಾರು 1,000 ವ್ಯವಸ್ಥಾಪಕ ಹುದ್ದೆಗಳನ್ನು ತೆಗೆಯುವ ಯೋಜನೆ ಹೂಡಿತು. 2025ರ ಮಾರ್ಚ್‌ನಲ್ಲಿ ಸತತ ಮೂರನೆಯ ವರ್ಷವೂ ಲಾಭದ ಪಾಲನ್ನು ಕೊಡಲಿಲ್ಲ. ಒಡೆತನವನ್ನು ಹಂಚಿದ ಮಾತ್ರಕ್ಕೆ ಕಷ್ಟವು ತಪ್ಪುವುದಿಲ್ಲ. ಆದರೆ ಕಷ್ಟವನ್ನು ಮೇಲಿನವನೂ ಕೆಳಗಿನವನೂ ಒಂದೇ ಪ್ರಮಾಣದಲ್ಲಿ ಉಣ್ಣುವ ವ್ಯವಸ್ಥೆಯಾದರೂ ಅಲ್ಲಿದೆ. ಪಾಲು ಇಲ್ಲವೆಂದರೆ ಅಧ್ಯಕ್ಷನಿಗೂ ಇಲ್ಲ.

ಕಾನೂನಿನ ಆಸರೆ

ಅಲ್ಲಿಯ ಕಾನೂನಿನಲ್ಲಿ ‘ರಿಡಂಡೆನ್ಸಿ’ ಎಂಬ ಮಾತಿಗೆ ಸ್ಪಷ್ಟವಾದ ಅರ್ಥವಿದೆ. ನೌಕರನ ತಪ್ಪಿಗಾಗಿ ಅವನನ್ನು ತೆಗೆಯುವುದು ಬೇರೆ. ಆ ಹುದ್ದೆಯೇ ಬೇಡವಾಗಿ ಅವನು ಹೆಚ್ಚುವರಿಯಾಗುವುದು ಬೇರೆ. ಎರಡನೆಯದರಲ್ಲಿ ಹೋಗುವುದು ಹುದ್ದೆ. ಮನುಷ್ಯನ ಯೋಗ್ಯತೆಗೆ ಅಲ್ಲಿ ಕಳಂಕವಿಲ್ಲ. ಎರಡು ವರ್ಷ ಸೇವೆ ಪೂರೈಸಿದವನಿಗೆ ಶಾಸನಬದ್ಧ ಪರಿಹಾರ ಸಲ್ಲುತ್ತದೆ: 22ರಿಂದ 40ರ ವಯಸ್ಸಿನಲ್ಲಿ ಸಲ್ಲಿಸಿದ ಪ್ರತಿ ಪೂರ್ಣ ವರ್ಷದ ಸೇವೆಗೆ ಒಂದು ವಾರದ ವೇತನ, 41 ದಾಟಿದ ಮೇಲಿನ ವರ್ಷಗಳಿಗೆ ಒಂದೂವರೆ ವಾರದ ವೇತನ, 22ಕ್ಕಿಂತ ಮೊದಲಿನ ವರ್ಷಗಳಿಗೆ ಅರ್ಧ ವಾರದ ವೇತನ. ಲೆಕ್ಕಕ್ಕೆ ಹಿಡಿಯುವ ವಾರದ ವೇತನಕ್ಕೆ ಒಂದು ಮಿತಿಯುಂಟು. ಸೇವಾವಧಿಯ ಮಿತಿ 20 ವರ್ಷ. ಪರಿಹಾರದ ಮೊದಲ 30,000 ಪೌಂಡಿಗೆ ಆದಾಯ ತೆರಿಗೆಯಿಲ್ಲ.

ಒಂದು ಸ್ಥಳದಲ್ಲಿ 90 ದಿನಗಳೊಳಗೆ 20 ಅಥವಾ ಅದಕ್ಕಿಂತ ಹೆಚ್ಚು ಜನರನ್ನು ತೆಗೆಯುವುದಾದರೆ ಕನಿಷ್ಠ 30 ದಿನ ಮೊದಲು, 100 ಅಥವಾ ಹೆಚ್ಚಾದರೆ 45 ದಿನ ಮೊದಲು ನೌಕರರ ಪ್ರತಿನಿಧಿಗಳೊಡನೆ ಸಮಾಲೋಚನೆ ಆರಂಭಿಸಬೇಕು. ‘ಒಂದು ಸ್ಥಳ’ ಎಂಬ ಆ ಎರಡು ಪದಗಳಲ್ಲಿ ಎಷ್ಟು ಜನರ ಅನ್ನ ಅಡಗಿತ್ತೆಂಬುದು ವುಲ್‌ವರ್ತ್ಸ್ ಅಂಗಡಿಗಳು ಮುಚ್ಚಿದಾಗ ಗೊತ್ತಾಯಿತು. 2008ರ ಕೊನೆಯಲ್ಲಿ ಆ ಸಂಸ್ಥೆ ಕುಸಿದು 800ಕ್ಕೂ ಹೆಚ್ಚು ಅಂಗಡಿಗಳೂ ಸುಮಾರು 27,000 ಉದ್ಯೋಗಗಳೂ ಹೋದವು. ಸಮಾಲೋಚನೆ ನಡೆಸದ ತಪ್ಪಿಗೆ ನೌಕರರಿಗೆ ಪರಿಹಾರ ಸಿಕ್ಕಿತು. ಆದರೆ 20ಕ್ಕಿಂತ ಕಡಿಮೆ ನೌಕರರಿದ್ದ ಚಿಕ್ಕ ಅಂಗಡಿಗಳವರಿಗೆ ಸಿಗಲಿಲ್ಲ. ಪ್ರತಿ ಅಂಗಡಿಯೂ ಒಂದು ಪ್ರತ್ಯೇಕ ಸ್ಥಳವೆಂದು 2015ರಲ್ಲಿ ಯುರೋಪಿನ ನ್ಯಾಯಾಲಯವು ತೀರ್ಮಾನಿಸಿತು. ಅಂಗಡಿ ನೌಕರರ ಸಂಘವಾದ ಅಸ್‌ಡಾ ಈ ಹೋರಾಟವನ್ನು ಹಲವು ವರ್ಷಗಳ ಕಾಲ ನಡೆಸಿ ಸೋತಿತು. ಆದರೂ ಅದರ ಫಲ ವ್ಯರ್ಥವಾಗಲಿಲ್ಲ. 2025ರ ಡಿಸೆಂಬರ್‌ನಲ್ಲಿ ಅಂಗೀಕಾರ ಪಡೆದ ಉದ್ಯೋಗ ಹಕ್ಕುಗಳ ಶಾಸನದಲ್ಲಿ, ಒಂದೊಂದು ಅಂಗಡಿಯನ್ನು ಮಾತ್ರವಲ್ಲದೆ ಇಡೀ ಸಂಸ್ಥೆಯನ್ನು ಒಟ್ಟಾಗಿ ಎಣಿಸುವುದಕ್ಕೂ ಅವಕಾಶ ಕಲ್ಪಿಸಲಾಗಿದೆ.

ನಮ್ಮ ಮನೆಗಳಿಗೆ ಎರಡು ಮಾತು

ಕಳೆದ ವರ್ಷ ದಾವಣಗೆರೆಯ ಕಡೆಯ ದಂಪತಿಗಳು ನನ್ನನ್ನು ಕಾಣಲು ಬಂದಿದ್ದರು. ಅವರ ಮಗ ಇಂಗ್ಲೆಂಡಿನ ದೊಡ್ಡ ಅಂಗಡಿಯೊಂದರಲ್ಲಿ ವಿಭಾಗದ ವ್ಯವಸ್ಥಾಪಕನಾಗಿದ್ದವನು, ಹುದ್ದೆ ಕಡಿತದಲ್ಲಿ ಕೆಲಸ ಕಳೆದುಕೊಂಡಿದ್ದ. ಆರು ತಿಂಗಳಿನಿಂದ ಅವರು ಈ ಸಂಗತಿಯನ್ನು ನೆಂಟರಿಷ್ಟರಿಂದ ಮುಚ್ಚಿಟ್ಟಿದ್ದರು. ಮಗಳ ಸಂಬಂಧದ ಮಾತುಕತೆ ನಡೆದಿತ್ತು. ಅಣ್ಣನ ಕೆಲಸ ಹೋಯಿತೆಂದು ತಿಳಿದರೆ ಗಂಡಿನ ಕಡೆಯವರು ಹಿಂಜರಿದಾರೆಂಬ ಭಯ. ತಾಯಿ ಮಗನಿಗೆ ಫೋನು ಮಾಡಿದಾಗಲೆಲ್ಲ, “ಅಷ್ಟೊಂದು ಜನ ಇರುವಾಗ ನಿನ್ನನ್ನೇ ಏಕೆ ತೆಗೆದರಪ್ಪಾ?” ಎಂದು ಕೇಳುತ್ತಿದ್ದರಂತೆ. ಮಗನು ಬರಬರುತ್ತ ಫೋನು ಎತ್ತುವುದನ್ನೇ ಬಿಟ್ಟಿದ್ದ.

“ತಾಯಿ, ಮನೆಗೆ ಸಿಡಿಲು ಬಡಿದರೆ ನಮ್ಮ ಮನೆಗೇ ಏಕೆ ಎಂದು ಮನೆಯನ್ನು ಬೈಯುತ್ತೇವೆಯೇ?” ಎಂದು ನಾನು ಕೇಳಿದೆ. ಹುದ್ದೆಯ ಪಟ್ಟಿಯಲ್ಲಿ ಗೆರೆ ಎಳೆದವನಿಗೆ ಆ ಹುಡುಗನ ಮುಖವೂ ಗೊತ್ತಿರಲಿಕ್ಕಿಲ್ಲ. ಗಂಡಿನ ಕಡೆಯವರಿಗೆ ಇದ್ದುದನ್ನು ಇದ್ದಂತೆ ತಿಳಿಸಿರೆಂದು ಹೇಳಿ ಕಳುಹಿಸಿದೆ. ಅವರು ತಿಳಿಸಿದರು. ಆ ಸಂಬಂಧ ಮುರಿಯಲಿಲ್ಲ. ಮುರಿದಿದ್ದರೂ ನನ್ನ ಸಲಹೆ ಅದೇ ಆಗಿರುತ್ತಿತ್ತು; ಮೈದುನನ ಕೆಲಸ ಹೋಯಿತೆಂದು ಹೆಣ್ಣನ್ನು ಬೇಡವೆನ್ನುವ ಮನೆಯು ನಾಳೆ ತನ್ನ ಮಗನ ಕೆಲಸ ಹೋದಾಗ ಸೊಸೆಯನ್ನು ಹೇಗೆ ನಡೆಸಿಕೊಂಡೀತು?

ಕಾಯಕವನ್ನು ಗೌರವಿಸುವ ಸಮಾಜವು ಕಾಯಕ ಕಳೆದುಕೊಂಡವನನ್ನು ಅಗೌರವಿಸಿದರೆ, ಅದು ಗೌರವಿಸುತ್ತಿದ್ದುದು ಕಾಯಕವನ್ನಲ್ಲ, ಸಂಬಳವನ್ನು ಎಂದಾಯಿತು. ಇದನ್ನು ಹಿರಿಯರು ಮನೆಮನೆಯಲ್ಲಿ ಆಡಿ ತೋರಿಸಬೇಕಾಗಿದೆ.

ಮಕ್ಕಳನ್ನು ಆ ದೇಶಕ್ಕೆ ಕಳುಹಿಸುವ ಕುಟುಂಬಗಳು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪದವಿ ತರಗತಿಗಳ ವಿದ್ಯಾರ್ಥಿಗೆ ಪಾಠಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ಅನುಮತಿಯಿಲ್ಲ. ಅರೆಕಾಲಿಕ ದುಡಿಮೆಯೇ ಮಾಲೀಕರಿಗೆ ದುಬಾರಿಯಾಗಿರುವ ಈ ಕಾಲದಲ್ಲಿ ಆ ಗಂಟೆಗಳೂ ಸುಲಭವಾಗಿ ಸಿಗುವುದಿಲ್ಲ. ಆದುದರಿಂದ ‘ಅಲ್ಲಿ ಹೋಗಿ ದುಡಿದು ಸಾಲ ತೀರಿಸುತ್ತಾನೆ’ ಎಂಬ ಭರವಸೆಯ ಮೇಲೆ ಹೊಲವನ್ನು ಅಡವಿಡುವುದು ವಿವೇಕವಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಪದವೀಧರರಿಗೆ ಇದ್ದ ಎರಡು ವರ್ಷಗಳ ಅವಧಿಯನ್ನು, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸಲು ತೀರ್ಮಾನವಾಗಿದೆ. ಮಾಲೀಕನ ಪ್ರಾಯೋಜನೆಯ ಮೇಲೆ ವೀಸಾ ಪಡೆದು ದುಡಿಯುತ್ತಿರುವವನ ಕೆಲಸ ಹೋದರೆ, ಅಲ್ಲಿಯ ಸರ್ಕಾರ ವೀಸಾ ಅವಧಿಯನ್ನು ಮೊಟಕುಗೊಳಿಸಿ ಸಾಮಾನ್ಯವಾಗಿ 60 ದಿನಗಳನ್ನಷ್ಟೇ ಕೊಡುತ್ತದೆ. ಆ ದಿನಗಳು ದುಃಖಿಸುವುದರಲ್ಲಿ ಕಳೆಯಬಾರದು. ಸೇವೆಯ ಪತ್ರಗಳು, ವೇತನದ ಚೀಟಿಗಳು ಕೈಯಲ್ಲಿರಬೇಕು. ನೌಕರರ ಸಂಘದ ಸದಸ್ಯತ್ವವನ್ನು ಮೊದಲ ದಿನವೇ ಪಡೆದಿರಬೇಕು. ಏಕಾಸ್ ಎಂಬ ಸರ್ಕಾರಿ ಸಂಸ್ಥೆಯು ಇಂಥ ವಿಷಯಗಳಲ್ಲಿ ಶುಲ್ಕವಿಲ್ಲದೆ ಸಲಹೆ ನೀಡುತ್ತದೆ.

ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಿಂದ ಅಲ್ಪಕಾಲಕ್ಕೆ ಬ್ರಿಟನ್ನಿಗೆ ಹೋಗುವವರ ಸ್ಥಿತಿ ಮಾತ್ರ ಬೇರೆ. 2025ರ ಮೇ 6ರಂದು ಎರಡೂ ದೇಶಗಳ ನಡುವಣ ವ್ಯಾಪಾರ ಒಪ್ಪಂದವನ್ನು ಸಾರಿದಾಗ, ಹೀಗೆ ಹೋದವರೂ ಅವರ ಮಾಲೀಕರೂ ಮೂರು ವರ್ಷಗಳವರೆಗೆ ಅಲ್ಲಿಯ ವಂತಿಗೆಯನ್ನು ಕಟ್ಟಬೇಕಾಗಿಲ್ಲವೆಂಬ ಏರ್ಪಾಡನ್ನೂ ಘೋಷಿಸಲಾಯಿತು. ಅಲ್ಲಿಯ ಅಂಗಡಿಗಳಲ್ಲಿ ಸ್ಥಳೀಯವಾಗಿ ಕೆಲಸಕ್ಕೆ ಸೇರಿದ ನಮ್ಮ ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ. ಎರಡನ್ನೂ ಒಂದೆಂದು ತಿಳಿದು ಮೋಸ ಹೋಗಬಾರದು.

ಕಡೆಯದಾಗಿ, ನಮ್ಮಲ್ಲಿ ನಾಲ್ಕಾರು ಜನರಿಗೆ ಕೆಲಸ ಕೊಟ್ಟಿರುವ ಗೃಹಸ್ಥರೂ ಈ ಪುಟವನ್ನು ಓದುತ್ತಾರೆ. ಖರ್ಚು ಏರಿದ ವರ್ಷ ಅವರೂ ಲೆಕ್ಕದ ಪುಸ್ತಕವನ್ನು ತೆರೆದು ಕುಳಿತುಕೊಳ್ಳಲೇಬೇಕು. ಯಾರನ್ನೂ ಎಂದಿಗೂ ಬಿಡಬಾರದೆಂದು ಹೇಳುವ ಅಧಿಕಾರ ಈ ಲೇಖಕನಿಗಿಲ್ಲ. ಆದರೆ ಗೆರೆ ಎಳೆಯುವ ಮೊದಲು ಆ ಮನುಷ್ಯನನ್ನು ಕರೆದು ಎದುರಿಗೆ ಕೂರಿಸಿಕೊಂಡು ಮಾತನಾಡಿರಿ. ಅವನ ಮನೆಯಲ್ಲಿ ಉಣ್ಣುವವರೆಷ್ಟು, ಬೇರೆ ಕೆಲಸ ಹುಡುಕಲು ಅವನಿಗೆ ಎಷ್ಟು ತಿಂಗಳು ಬೇಕು ಎಂದು ಕೇಳಿರಿ. ನಿಮ್ಮ ಪರಿಚಯದ ಇನ್ನೊಂದು ಅಂಗಡಿಗೆ ಒಂದು ಚೀಟಿ ಬರೆದುಕೊಡಿರಿ. ಇದಕ್ಕೆ ಯಾವ ವಂತಿಗೆಯೂ ಇಲ್ಲ, ಯಾವ ತೆರಿಗೆಯೂ ಇಲ್ಲ.